ಒಮ್ಮೆ ಹೇಳಿದರೆ ಬರೆಯಲು ಬರಬೇಕು: ವೆಬ್‌ಸೈಟಿಗೆ ಡೊಮೇನ್ ಹೆಸರು ಆರಿಸುವ ಸಮಗ್ರ ಮಾರ್ಗದರ್ಶಿ

ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ತಿಕೋಟಾದ ಒಣದ್ರಾಕ್ಷಿ, ಬೆಳಗಾವಿ ಉದ್ಯಮಬಾಗದ ಯಂತ್ರದ ಬಿಡಿಭಾಗ, ಯಾವುದನ್ನೇ ಮಾರುವವರಿರಲಿ, ವೆಬ್‌ಸೈಟ್ ಮಾಡಿಸಲು ಹೊರಟಾಗ ಮೊದಲು ಎದುರಾಗುವ ಪ್ರಶ್ನೆ ಹೆಸರಿನದು. ವೆಬ್‌ಸೈಟಿನ ಬಣ್ಣ, ಚಿತ್ರ, ಬರಹ ಎಲ್ಲವನ್ನೂ ನಾಳೆ ಬದಲಿಸಬಹುದು. ಡೊಮೇನ್, ಅಂದರೆ ಸೈಟ್ ತೆರೆಯಲು ಜನ ಟೈಪ್ ಮಾಡುವ ಹೆಸರು, ಬದಲಿಸಿದರೆ ಮಾತ್ರ ಬೋರ್ಡು, ಬಿಲ್ ಬುಕ್, ಕೈಚೀಲ, ಇಮೇಲ್, ಗೂಗಲ್‌ನಲ್ಲಿ ಗಳಿಸಿದ ಸ್ಥಾನ ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಒಂದು ವಾರ ಕೊಡಿ. ಸೈಟ್ ಮಾಡಿಕೊಡುವವರು “ಯಾವುದೋ ಒಂದು ಹೇಳ್ರಿ, ಈಗಲೇ ಬುಕ್ ಮಾಡ್ತೀನಿ” ಎಂದು ಅವಸರ ಮಾಡಿದರೂ ವಾರ ಬಿಟ್ಟೇ ಹೇಳಿ.

ಕನ್ನಡದ ಹೆಸರಿಗೆ ಒಂದು ವಿಶೇಷ ತೊಂದರೆಯಿದೆ. ಹೆಸರು ಕನ್ನಡದ್ದು, ಟೈಪ್ ಮಾಡುವ ಅಕ್ಷರ ಇಂಗ್ಲಿಷಿನದು. ನಮ್ಮ ವರ್ಣಮಾಲೆಯ ಸುಮಾರು 49 ಅಕ್ಷರಗಳ ಸದ್ದನ್ನು 26 ಅಕ್ಷರಗಳಿಗೆ ಇಳಿಸುವಾಗ ದೀರ್ಘ, ಮಹಾಪ್ರಾಣ, ಳಕಾರ, ಣಕಾರ ಎಲ್ಲವೂ ಕಲಸಿಹೋಗುತ್ತವೆ. ಡೊಮೇನ್ ಹುಡುಕುವವರು “ಇದು ಖಾಲಿ ಇದೆಯಾ?” ಎಂದು ಕೇಳುವುದರಲ್ಲೇ ದಿನ ಕಳೆಯುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು: ಈ ಹೆಸರನ್ನು ಕಿವಿಯಿಂದ ಕೇಳಿದವರು ಎಷ್ಟು ಬಗೆಯಲ್ಲಿ ಬರೆದಾರು?

ಮೊದಲ ಪಟ್ಟಿ

ಕಂಪ್ಯೂಟರ್ ಮುಟ್ಟಬೇಡಿ. ಕಾಗದದ ಮೇಲೆ ಇಪ್ಪತ್ತರಿಂದ ಮೂವತ್ತು ಹೆಸರು ಬರೆಯಿರಿ. ಅಂಗಡಿಯ ಹೆಸರಿನಿಂದ ಹುಟ್ಟಿದವು ಕೆಲವು, ಸರಕಿನ ಹೆಸರಿನಿಂದ ಕೆಲವು, ಊರಿನಿಂದ ಕೆಲವು, ಯಾವುದಕ್ಕೂ ಸೇರದ ಹೊಸ ಪದಗಳು ಕೆಲವು. ಹತ್ತಕ್ಕೆ ನಿಲ್ಲಿಸಿದರೆ ಮುಂದಿನ ಜರಡಿಗಳಲ್ಲಿ ಎಲ್ಲವೂ ಉದುರಿ, ಕೊನೆಗೆ ಬೇಸರದಲ್ಲಿ ಕೆಟ್ಟದ್ದೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಡೊಮೇನ್‌ಗೆ ತಾಂತ್ರಿಕ ನಿಯಮ ಕಡಿಮೆ. ಇಂಗ್ಲಿಷ್ ಅಕ್ಷರ, 0ಯಿಂದ 9ರವರೆಗಿನ ಅಂಕಿ ಮತ್ತು ಅಡ್ಡಗೆರೆ ಮಾತ್ರ ನಡೆಯುತ್ತವೆ (ಕನ್ನಡ ಲಿಪಿಯ ಡೊಮೇನ್ ಮಾತು ಮುಂದೆ ಬರುತ್ತದೆ). ಅಡ್ಡಗೆರೆ ಮೊದಲಲ್ಲೂ ಕೊನೆಯಲ್ಲೂ ಬರುವಂತಿಲ್ಲ. ಅಂಡರ್‌ಸ್ಕೋರ್, ಖಾಲಿ ಜಾಗ ನಡೆಯುವುದಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಡಾಟ್‌ಗೆ ಮುಂಚಿನ ಭಾಗ 63 ಅಕ್ಷರ ಮೀರುವಂತಿಲ್ಲ. ಆದರೆ 63 ಎನ್ನುವುದು ಯಂತ್ರದ ಮಿತಿ. ಮನುಷ್ಯರಿಗೆ 6ರಿಂದ 14 ಅಕ್ಷರ ಹಿತ. ಅದಕ್ಕಿಂತ ಉದ್ದವಾದರೆ ಮೊಬೈಲಿನ ಕೀಲಿಮಣೆಯಲ್ಲಿ ಬೆರಳು ತಪ್ಪುತ್ತದೆ, ಆಟೋದ ಹಿಂದೆ ಬರೆಸಿದರೆ ಅಕ್ಷರ ಚಿಕ್ಕದಾಗಿ ದೂರದಿಂದ ಕಾಣುವುದಿಲ್ಲ, ಇಮೇಲ್ ವಿಳಾಸ ಅರ್ಜಿಯ ಚೌಕಗಳಲ್ಲಿ ಹಿಡಿಸುವುದಿಲ್ಲ. ಪದಗಳು ಎರಡಿದ್ದರೆ ಒಳ್ಳೆಯದು, ಮೂರು ಹೆಚ್ಚೇ.

ಅಡ್ಡಗೆರೆಯನ್ನೂ ಅಂಕಿಯನ್ನೂ ಈಗಲೇ ಕೈಬಿಡಿ. ಅಡ್ಡಗೆರೆಯನ್ನು ಒಬ್ಬರು ಡ್ಯಾಶ್ ಅನ್ನುತ್ತಾರೆ, ಇನ್ನೊಬ್ಬರು ಮೈನಸ್, ಮತ್ತೊಬ್ಬರು ಬಿಟ್ಟೇಬಿಡುತ್ತಾರೆ. ಬಿಟ್ಟವರು ಅಡ್ಡಗೆರೆಯಿಲ್ಲದ ಅದೇ ಹೆಸರಿನ ಬೇರೆಯವರ ಸೈಟಿಗೆ ಹೋಗುತ್ತಾರೆ. ನೀವು ಕೊಟ್ಟ ಜಾಹೀರಾತಿಗೆ ಗಿರಾಕಿ ಅಲ್ಲಿ. ಅಂಕಿ ಇದ್ದರೆ “ಐದು ಅಂದ್ರ ಅಂಕಿಯೋ ಅಕ್ಷರದಾಗೋ?” ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ.

ಸ್ಪೆಲಿಂಗ್ ಎಣಿಕೆ

ಇದು ಇಡೀ ಕೆಲಸದ ಹೃದಯ. ಪಟ್ಟಿಯ ಪ್ರತಿ ಹೆಸರನ್ನೂ ಒಂದೊಂದು ಸದ್ದಾಗಿ ಬಿಡಿಸಿ, ಪ್ರತಿ ಸದ್ದನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಬರೆದುಕೊಳ್ಳಿ. ಆಮೇಲೆ ಆ ಸಂಖ್ಯೆಗಳನ್ನು ಗುಣಿಸಿ.

ಅಮೀನಗಡದಲ್ಲಿ ಕರದಂಟು ಮಾಡುವ ಅಂಗಡಿಯೊಂದಿದೆ ಎಂದುಕೊಳ್ಳಿ. ಊರು ಮತ್ತು ಸರಕು ಎರಡನ್ನೂ ಸೇರಿಸಿ ಹೆಸರಿಡುವ ಆಸೆ ಸಹಜ. ಬಿಡಿಸಿ ನೋಡೋಣ. “ಮೀ” ಎಂಬುದಕ್ಕೆ ಎಂ ಆದಮೇಲೆ ಒಂದು ಐ ಹಾಕುವವರಿದ್ದಾರೆ, ಎರಡು ಇ ಹಾಕುವವರಿದ್ದಾರೆ: 2. “ನ” ಆದಮೇಲೆ ಎ ಹಾಕುವವರು, ಬಿಡುವವರು: 2. ಕೊನೆಯ “ಡ”ಕ್ಕೆ ಬರೀ ಡಿ, ಡಿ-ಎ, ಡಿ-ಎಚ್: 3. ಊರಿಗೇ 12 ಬಗೆಯಾಯಿತು. ಇನ್ನು ಕರದಂಟು. “ರ” ಆದಮೇಲೆ ಎ ಇರಬಹುದು, ಇಲ್ಲದಿರಬಹುದು: 2. ಕೊನೆಯಲ್ಲಿ ಟಿ-ಯು, ಅಥವಾ ನಾವು ಮಾತಿನಲ್ಲಿ ಉಕಾರ ನುಂಗುವಂತೆ ಬರೀ ಟಿ: 2. ಅಲ್ಲಿಗೆ 4. ಹನ್ನೆರಡು ನಾಲ್ಕಲ 48. ನಲವತ್ತೆಂಟು ಸ್ಪೆಲಿಂಗ್‌ಗಳಲ್ಲಿ ನಿಮ್ಮದು ಒಂದು. ಈ ಹೆಸರು ಎಷ್ಟೇ ಪ್ರೀತಿಯದಾದರೂ ಹಾಗೆಯೇ ಬಳಸಬೇಡಿ.

ಎಣಿಕೆ ಮೂರರೊಳಗಿದ್ದರೆ ಹೆಸರು ಗಟ್ಟಿ. ನಾಲ್ಕರಿಂದ ಆರು ಇದ್ದರೆ, ಹೆಚ್ಚು ಜನ ಬರೆಯುವ ಎರಡು ಸ್ಪೆಲಿಂಗ್‌ಗಳನ್ನೂ ಖರೀದಿಸಿ ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದಾದರೆ (ಒಂದನ್ನು ಟೈಪ್ ಮಾಡಿದವರು ತಾನಾಗಿ ಇನ್ನೊಂದಕ್ಕೆ ಹೋಗುವಂತೆ ಮಾಡುವುದಾದರೆ) ಮಾತ್ರ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಅಳಿಸಿ.

ಎಲ್ಲೆಲ್ಲಿ ಒಡೆಯುತ್ತದೆ ಎಂಬುದು ಅನುಭವಸ್ಥರಿಗೆ ಕಂಠಪಾಠ. “ಶ್ರೀ”ಗೆ ನಾಲ್ಕು ಬಗೆ: ಎಸ್ ಆದಮೇಲೆ ಎಚ್ ಇದ್ದು ಇಲ್ಲದೆ, ಕೊನೆಗೆ ಐ ಅಥವಾ ಎರಡು ಇ. ಅಂಗಡಿ ಬೋರ್ಡಿನಲ್ಲಿ ಶ್ರೀ ಇರಲಿ, ಡೊಮೇನ್‌ನಲ್ಲಿ ಬೇಡ. “ಲಕ್ಷ್ಮೀ”ಯನ್ನು ನಮ್ಮ ಕಡೆ, ಅಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ, ಎಕ್ಸ್ ಹಾಕಿ ಬರೆಯುವುದು ರೂಢಿ. ಬೆಂಗಳೂರು, ಮೈಸೂರಿನವರು ಕೆ-ಎಸ್-ಎಚ್ ಹಾಕುತ್ತಾರೆ. “ತ”ಕಾರದ ಕಥೆಯೂ ಇದೇ. ಸವಿತಾ, ಗೀತಾ, ಅಮೃತ ಇವನ್ನು ಬೆಳಗಾವಿ, ವಿಜಯಪುರದಲ್ಲಿ ಬರೀ ಟಿ ಹಾಕಿ ಬರೆದರೆ, ದಕ್ಷಿಣದವರ ಬೆರಳು ತಾನಾಗಿ ಟಿ ಆದಮೇಲೆ ಎಚ್ ಒತ್ತುತ್ತದೆ. ಅಮೃತಕ್ಕಂತೂ ಋಕಾರ ಬೇರೆ: ಆರ್-ಯು, ಆರ್-ಐ ಎರಡೂ ಉಂಟು, ಕೊನೆಯ ಎ ಉಂಟು, ಇಲ್ಲ. “ವ”ವನ್ನು ಮರಾಠಿ ಓದಿದವರು ಡಬ್ಲ್ಯುದಲ್ಲಿ ಬರೆಯುವುದು ಸಾಮಾನ್ಯ. ಬಸವೇಶ್ವರ ಹೆಸರಿನ ಸಂಸ್ಥೆಗಳಿಗೆ ಇದೊಂದು ನಿತ್ಯದ ಗೋಳು. ಗಿರಾಕಿ ಊರವರೇ ಆಗಿದ್ದರೆ ನಮ್ಮ ರೂಢಿಯ ಸ್ಪೆಲಿಂಗ್ ಹಿಡಿಯಿರಿ. ಸೀರೆ ಬೆಂಗಳೂರಿಗೆ, ಪುಣೆಗೆ ಹೋಗುತ್ತದೆ ಎಂದಾದರೆ ಒಡೆಯುವ ಸದ್ದೇ ಇಲ್ಲದ ಪದ ಹುಡುಕಿ.

ಎರಡು ಪದ ಕೂಡುವ ಸಂದಿಯನ್ನೂ ನೋಡಿ. ಇಳಕಲ್ಲಿನ ಸೀರೆಗೆ “ಇಳಕಲ್” ಮತ್ತು “ಲೂಮ್ಸ್” ಸೇರಿಸಿದರೆ ಕೇಳಲು ಚೆಂದ. ಬರೆದಾಗ ಎಲ್ ಪಕ್ಕದಲ್ಲಿ ಎಲ್, ಅದರ ಪಕ್ಕದಲ್ಲಿ ಎರಡು ಒ. ಫೋನಿನಲ್ಲಿ ಹೀಗಾಗುತ್ತದೆ:

“ಸೈಟಿನ ಹೆಸರೇನ್ರಿ ಅಕ್ಕಾರ?”
“ಇಳಕಲ್ ಲೂಮ್ಸ್ ರೀ.”
“ಎಲ್ ಒಂದೋ ಎರಡೋ ರೀ?”
“ಇಳಕಲ್ಲಿಂದೊಂದು, ಲೂಮ್ಸಿಂದೊಂದು… ಎರಡ್ರಿ. ಆಮ್ಯಾಲೆ ಒ ಎರಡು.”
“ಒಟ್ಟ ಎಲ್ ಮೂರಾ?”

ಇಷ್ಟು ಹೊತ್ತಿಗೆ ಕೇಳುವವರ ಉತ್ಸಾಹ ಇಳಿದಿರುತ್ತದೆ. ಮೊದಲ ಪದದ ಕೊನೆಯ ಅಕ್ಷರವೂ ಎರಡನೆಯದರ ಮೊದಲಕ್ಷರವೂ ಒಂದೇ ಆದರೆ ಆ ಜೋಡಿಯನ್ನು ಬಿಡಿ.

ಐದು ಜನರ ಪರೀಕ್ಷೆ

ಎಣಿಕೆಯಲ್ಲಿ ಗೆದ್ದವು ಏಳೆಂಟು ಉಳಿದಿರುತ್ತವೆ. ಈಗ ಐದು ಜನರಿಗೆ ಫೋನ್ ಮಾಡಿ. ಊರಿನ ಒಬ್ಬರು, ಬೆಂಗಳೂರು ಅಥವಾ ಮೈಸೂರಿನವರು ಒಬ್ಬರು, ಮನೆಯಲ್ಲಿ ಮರಾಠಿ ಮಾತಾಡುವವರು ಒಬ್ಬರು, ಕಾಲೇಜು ಹುಡುಗ ಅಥವಾ ಹುಡುಗಿ, ಐವತ್ತು ದಾಟಿದ ಒಬ್ಬರು. ಹೆಸರನ್ನು ಒಂದೇ ಸಲ, ಮಾಮೂಲಿ ವೇಗದಲ್ಲಿ ಹೇಳಿ. ಅಕ್ಷರ ಬಿಡಿಸಿ ಹೇಳಬೇಡಿ. “ಇದನ್ನ ಇಂಗ್ಲಿಷ್‌ನಾಗ ಬರೆದು ವಾಟ್ಸಾಪ್ ಮಾಡ್ರಿ” ಎನ್ನಿ, ಅಷ್ಟೇ. ಐವರಲ್ಲಿ ನಾಲ್ವರು ನೀವು ಬರೆದಂತೆಯೇ ಬರೆದರೆ ಹೆಸರು ಪಾಸು. ಮೂವರಾದರೆ, ತಪ್ಪಿದವರಿಬ್ಬರೂ ಒಂದೇ ಬಗೆಯಲ್ಲಿ ತಪ್ಪಿದ್ದಾರೆಯೇ ನೋಡಿ. ಹಾಗಿದ್ದರೆ ಆ ಸ್ಪೆಲಿಂಗನ್ನೂ ಖರೀದಿಸಿದರೆ ಸಾಕು. ಒಬ್ಬೊಬ್ಬರು ಒಂದೊಂದು ಬಗೆ ಬರೆದರೆ ಆ ಹೆಸರಿಗೆ ಮದ್ದಿಲ್ಲ.

ಎಲ್ಲರಿಗೂ ಎಲ್ಲ ಹೆಸರನ್ನೂ ಒಟ್ಟಿಗೆ ಕೇಳಬೇಡಿ. ಮೂರನೆಯ ಹೆಸರಿನ ಹೊತ್ತಿಗೆ ಅವರಿಗೆ ನಿಮ್ಮ ರೂಢಿ ತಿಳಿದುಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ದಿನಕ್ಕೆರಡು ಸಾಕು.

ಮರಳಿ ಓದಿಸುವುದು

ಈ ಹೆಜ್ಜೆಯನ್ನು ಹೆಚ್ಚಿನವರು ಬಿಡುತ್ತಾರೆ. ಬರೆದ ಇಂಗ್ಲಿಷ್ ಅಕ್ಷರಗಳನ್ನು, ನಿಮ್ಮ ವ್ಯಾಪಾರ ಏನೆಂದು ಗೊತ್ತಿಲ್ಲದವರ ಮುಂದಿಟ್ಟು ಓದಲು ಹೇಳಿ.

ಖಣವನ್ನು ಕೆ-ಎಚ್-ಎ-ಎನ್-ಎ ಎಂದು ಬರೆಯಿರಿ. ಗುಳೇದಗುಡ್ಡದವರ ಕಣ್ಣಿಗೆ ಅದು ಕುಬುಸದ ಬಟ್ಟೆ. ಹಿಂದಿ ಬಲ್ಲ ಉಳಿದವರಿಗೆಲ್ಲ ಅದು “ಖಾನಾ”, ಊಟ. ಗೂಗಲ್‌ನಲ್ಲೂ ಆ ಪದ ಹೊಡೆದರೆ ಅಡುಗೆಯ ಪುಟಗಳೇ ಮುಂದೆ ಬರುತ್ತವೆ. ಖಣ ಹುಡುಕಿ ತೆಗೆಯುವುದು ಕಷ್ಟ. ವಿಜಯಪುರದ ಒಣದ್ರಾಕ್ಷಿಗೆ ನಾವು ಮಣೂಕ ಎನ್ನುತ್ತೇವೆ. ಎಂ-ಎ-ಎನ್-ಯು-ಕೆ-ಎ ಎಂದು ಬರೆದರೆ ಅದು ನ್ಯೂಜಿಲೆಂಡಿನ ಹೆಸರಾಂತ ಜೇನುತುಪ್ಪದ ಹೆಸರು. ವಿಜಯಪುರ ಜಿಲ್ಲೆಯ ಇಂಡಿ ಎಂಬ ಊರಿನ ಲಿಂಬೆಗೆ ಊರಿನ ಹೆಸರು ಹಾಕಿದರೆ, ಹೊರಗಿನವರು ಕೊನೆಗೊಂದು ಇ ಸೇರಿಸುತ್ತಾರೆ, ಏಕೆಂದರೆ ಹಾಗೊಂದು ಇಂಗ್ಲಿಷ್ ಪದ ಅವರಿಗೆ ಪರಿಚಿತ. ಕರದಂಟಿನ ಪ್ರಾಣವೇ ಅಂಟು, ಅದನ್ನೇ ಚಿಕ್ಕ ಹೆಸರಾಗಿಸೋಣವೆಂದು ಎ-ಎನ್-ಟಿ-ಯು ಬರೆದರೆ ಕನ್ನಡದವರೇ “ಅಂತೂ” ಎಂದು ಓದುತ್ತಾರೆ.

ಇಂಥ ಪದಗಳನ್ನು ಪೂರ್ತಿ ಬಿಡಬೇಕೆಂದಿಲ್ಲ. ಪಕ್ಕಕ್ಕೆ ದಾರಿ ತೋರಿಸುವ ಪದವೊಂದು ಬೇಕು. ಖಣದ ಪಕ್ಕ “ಸ್ಯಾರಿ”, “ವೀವ್ಸ್” ಅಥವಾ “ಮಗ್ಗ” ನಿಂತರೆ ಊಟದ ಗೊಂದಲ ಹೋಗುತ್ತದೆ. ಮಗ್ಗ ಒಳ್ಳೆಯ ಪದ: ಐದೇ ಅಕ್ಷರ, ಒಂದೇ ಸ್ಪೆಲಿಂಗ್, ಎರಡು ಜಿ ಎಂದು ಹೇಳಬೇಕಾದದ್ದಷ್ಟೇ. ಒಣದ್ರಾಕ್ಷಿಯವರು ಮಣೂಕವನ್ನು ಪಾಕೀಟಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಡೊಮೇನ್‌ಗೆ ಬೇರೆ ಪದ ಹಿಡಿಯುವುದು ಲೇಸು.

ಊರಿನ ಹೆಸರು ಹಾಕಬೇಕೆ?

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಬೆಲ್ಗಾಮ್ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಬಾಗಲಕೋಟೆ ಆ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಅದನ್ನು ಕೊನೆಯ ಇ ಹಾಕಿ ಬರೆಯುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ನಡುವಿನ ಲಕಾರದ ಮುಂದೆ ಎ ಸೇರಿಸುವವರು ಬೇರೆ. ವಿಜಯಪುರಕ್ಕೆ “ಯ” ಆದಮೇಲಿನ ಎ, ಕೊನೆಯ ಎ ಎರಡೂ ಇದ್ದರೂ ಉಂಟು, ಇಲ್ಲದಿದ್ದರೂ ಉಂಟು, ಹೀಗಾಗಿ ನಾಲ್ಕು ಬಗೆ. ಹಳೆಯ ಹೆಸರು ಸೇರಿದರೆ ಐದು. ಸಾಲದ್ದಕ್ಕೆ ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರವಿದೆ, ಹೊಸಪೇಟೆಯ ಕಡೆ 2021ರಲ್ಲಿ ಆದ ವಿಜಯನಗರ ಜಿಲ್ಲೆಯಿದೆ. ಹೊರಗಿನವರು ಮೂರನ್ನೂ ಅದಲುಬದಲು ಮಾಡುತ್ತಾರೆ.

ಊರಿಗೇ ಕಟ್ಟಿಕೊಂಡ ಕೆಲಸವಾದರೆ, ಅಂದರೆ ಊರಿನ ಆಸ್ಪತ್ರೆ, ಟ್ಯೂಷನ್, ಕಾರು ಬಾಡಿಗೆ, ಕಲ್ಯಾಣ ಮಂಟಪ, ಊರಿನ ಹೆಸರು ಹಾಕುವುದರಿಂದ ಲಾಭವಿದೆ. ಹುಡುಕುವವರು ಊರಿನ ಹೆಸರು ಹಾಕಿಯೇ ಹುಡುಕುತ್ತಾರೆ. ಆಗ ಈಗಿನ ಅಧಿಕೃತ ಸ್ಪೆಲಿಂಗನ್ನು ಮುಖ್ಯ ಹೆಸರಾಗಿಟ್ಟು, ಹಳೆಯ ಹೆಸರಿನದನ್ನೂ ಖರೀದಿಸಿ ಇದಕ್ಕೆ ತಿರುಗಿಸಿ. ಮುಂಬೈ, ಪುಣೆ, ಗೋವಾದಲ್ಲಿ ಇಂದಿಗೂ ಹಳೆಯ ಹೆಸರನ್ನೇ ಟೈಪ್ ಮಾಡುವವರು ಬಹಳ. 2014ಕ್ಕಿಂತ ಮುಂಚೆಯೇ ಹಳೆಯ ಹೆಸರಿನ ಡೊಮೇನ್ ಇಟ್ಟುಕೊಂಡು ಚೆನ್ನಾಗಿ ನಡೆಸುತ್ತಿರುವವರು ಬದಲಿಸಲೇಬೇಕಿಲ್ಲ. ಬದಲಿಸುವುದಾದರೆ ಹಳೆಯದನ್ನು ಬಿಟ್ಟುಕೊಡಬೇಡಿ: ಪುಟಕ್ಕೆ ಪುಟ ಶಾಶ್ವತ ತಿರುವು ಹಾಕಿ, ಅಂದರೆ 301 ರೀಡೈರೆಕ್ಟ್, ಅದನ್ನು ಕನಿಷ್ಠ ಒಂದು ವರ್ಷ ಇಡಬೇಕೆಂಬುದು ಗೂಗಲ್‌ನ ಸಲಹೆ. ಬಿಲ್ಲು, ಕಾರ್ಡುಗಳಲ್ಲಿ ಹಳೆಯ ವಿಳಾಸ ಅಚ್ಚಾಗಿದ್ದರೆ ಅದನ್ನು ಕೊನೆಯವರೆಗೂ ನವೀಕರಿಸುತ್ತ ಹೋಗುವುದೇ ಸರಿ.

ಊರನ್ನು ಚಿಕ್ಕದಾಗಿಸಲು ರೈಲು ನಿಲ್ದಾಣದ ಸಂಕೇತ ಹಿಡಿಯುವ ಯೋಚನೆಯೂ ಕೆಲವರಿಗೆ ಬರುತ್ತದೆ. ಬೆಳಗಾವಿಯ ಬಿಜಿಎಂ ಹುಡುಗರ ಬಾಯಲ್ಲಿ ಸಿನಿಮಾದ ಹಿನ್ನೆಲೆ ಸಂಗೀತ. ವಿಜಯಪುರದ ಬಿಜೆಪಿ ಏನೆಂದು ಓದಿಸಿಕೊಳ್ಳುತ್ತದೆ ಎಂದು ಹೇಳಬೇಕಿಲ್ಲ. ಗೋಕಾಕ, ಬಾದಾಮಿಯಂಥ ಹೆಸರುಗಳಿಗೆ ಈ ಕಷ್ಟವಿಲ್ಲ, ಅವುಗಳ ಸ್ಪೆಲಿಂಗ್ ಜನರ ಕೈಯಲ್ಲಿ ನಿಂತುಬಿಟ್ಟಿದೆ.

ಸರಕು ಹೊರಗೆ ಹೋಗುವ ವ್ಯಾಪಾರಕ್ಕೆ ಊರು ಕಡ್ಡಾಯವಲ್ಲ. ಇಂದು ಬರೀ ಕುಂದಾ ಮಾರುವವರು ನಾಳೆ ಪುಣೆಯಲ್ಲಿ ಶಾಖೆ ತೆರೆದಾರು.

ಡಾಟ್ ಆದಮೇಲೆ ಏನು?

ಡಾಟ್ ಕಾಮ್ 1985ರಿಂದ ಇದೆ. ಮೊದಲ ಡಾಟ್ ಕಾಮ್ ನೋಂದಣಿಯಾದದ್ದು ಆ ವರ್ಷದ ಮಾರ್ಚ್ 15ರಂದು. ಇಷ್ಟು ಹಳೆಯದಾದ್ದರಿಂದ ಚಿಕ್ಕ ಹೆಸರುಗಳು ಬಹುಪಾಲು ಹೋಗಿವೆ, ಆದರೆ ಜನ ಏನೂ ಯೋಚಿಸದೆ ಒತ್ತುವುದು ಅದನ್ನೇ. ಡಾಟ್ ಇನ್ ನಮ್ಮ ದೇಶದ್ದು, ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆ ನಡೆಸುತ್ತದೆ. 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಗಿರಾಕಿಗಳು ಭಾರತದೊಳಗೇ ಇದ್ದರೆ ಡಾಟ್ ಇನ್ ಯಾವ ವಿಧದಲ್ಲೂ ಕಡಿಮೆಯಲ್ಲ. ಎರಡೂ ಸಿಕ್ಕರೆ ಎರಡನ್ನೂ ತೆಗೆದುಕೊಳ್ಳಿ. ಡಾಟ್ ಇನ್ ಮಾತ್ರ ಖಾಲಿಯಿದ್ದರೆ, ಅದೇ ಹೆಸರಿನ ಡಾಟ್ ಕಾಮ್ ತೆರೆದು ನೋಡಿ: ಅಲ್ಲಿ ನಿಮ್ಮದೇ ಸರಕು ಮಾರುವವರಿದ್ದರೆ, ಅಥವಾ ಮನೆಯವರ ಮುಂದೆ ತೆರೆಯಲಾಗದ ಪುಟವಿದ್ದರೆ, ಹೆಸರನ್ನೇ ಬಿಡಿ. ಡಾಟ್ ಕೋ ಡಾಟ್ ಇನ್ ಕೂಡ ಎಲ್ಲರಿಗೂ ಸಿಗುತ್ತದೆ, ಆದರೆ ಹೇಳುವಾಗ ಉದ್ದ, ಜನ “ಕೋ” ಬದಲು “ಕಾಮ್” ಎಂದು ಕೇಳಿಸಿಕೊಳ್ಳುತ್ತಾರೆ.

ಡಾಟ್ ಶಾಪ್, ಡಾಟ್ ಸ್ಟೋರ್, ಡಾಟ್ ಆನ್‌ಲೈನ್ ಇವುಗಳ ಮೊದಲ ವರ್ಷದ ದರ ನೂರು ರೂಪಾಯಿ ಆಸುಪಾಸು ಕಂಡು ಮರುಳಾಗಬೇಡಿ. ನೋಡಬೇಕಾದದ್ದು ಎರಡನೆಯ ವರ್ಷದ ನವೀಕರಣ ದರ. ಅದು ಹಲವು ಪಟ್ಟು ಇರಬಹುದು. ಅದರ ಮೇಲೆ ಶೇ 18 ಜಿಎಸ್‌ಟಿ. “ಪ್ರೀಮಿಯಂ” ಎಂದು ತೋರಿಸುವ ಹೆಸರುಗಳಲ್ಲಿ ಕೆಲವಕ್ಕೆ ಪ್ರತಿ ವರ್ಷವೂ ಪ್ರೀಮಿಯಂ ದರವೇ. ಹಣ ಕಟ್ಟುವ ಮೊದಲು ನವೀಕರಣ ದರದ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಸಹಕಾರಿ ಸಂಸ್ಥೆಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಬಹಳ ಇರುವುದರಿಂದ ಒಂದು ಮಾತು. ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಂದೇ ಡಾಟ್ ಬ್ಯಾಂಕ್ ಡಾಟ್ ಇನ್ ಕಡ್ಡಾಯ ಮಾಡಿತು, ಅಕ್ಟೋಬರ್ 31ರ ಗಡುವು ಕೊಟ್ಟಿತು. ಅದನ್ನು ನೋಂದಾಯಿಸುವುದು ಬ್ಯಾಂಕಿಂಗ್ ತಂತ್ರಜ್ಞಾನದ ಸಂಸ್ಥೆಯಾದ ಹೈದರಾಬಾದಿನ ಐಡಿಆರ್‌ಬಿಟಿ ಮೂಲಕ ಮಾತ್ರ. ಬ್ಯಾಂಕಿಂಗ್ ಪರವಾನಗಿಯಿಲ್ಲದ ಪತ್ತಿನ ಸಹಕಾರ ಸಂಘಗಳು ಕಾನೂನಿನ ಪ್ರಕಾರ ತಮ್ಮ ಹೆಸರಿನಲ್ಲಿ “ಬ್ಯಾಂಕ್” ಪದ ಬಳಸುವಂತಿಲ್ಲ. ಊರಲ್ಲಿ ಜನ ಸಂಘವನ್ನೇ ಬ್ಯಾಂಕು ಎಂದು ಕರೆಯುತ್ತಾರೆಂದು ಡೊಮೇನ್‌ನಲ್ಲಿ ಆ ಪದ ಸೇರಿಸಿದರೆ ನೋಟಿಸು ಬಂದೀತು.

ಕನ್ನಡ ಲಿಪಿಯ ಡೊಮೇನ್

ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಇದೆ, ಇಡೀ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಕರದಂಟು ಕರದಂಟೇ ಆಗಿ ಉಳಿಯುತ್ತದೆ, ನಲವತ್ತೆಂಟು ಸ್ಪೆಲಿಂಗಿನ ಗೋಜಿಲ್ಲ. ಮನಸ್ಸಿಗೆ ಎಷ್ಟು ಹತ್ತಿರವೆಂದರೆ ಇದೊಂದೇ ಸಾಕೆನಿಸುತ್ತದೆ. ಆದರೆ ಒಳಗೆ ಹೇಗೆ ನಡೆಯುತ್ತದೆಂದು ತಿಳಿದು ಖರೀದಿಸಿ.

ಇಂಟರ್‌ನೆಟ್ಟಿನ ಹೆಸರಿನ ಯಂತ್ರ ಕನ್ನಡ ಅಕ್ಷರ ಓದುವುದಿಲ್ಲ. ನೀವು ಬರೆದದ್ದನ್ನು ಬ್ರೌಸರ್ ಇಂಗ್ಲಿಷ್ ಅಕ್ಷರದ ಸಂಕೇತವಾಗಿ ಬದಲಿಸಿ ಕಳಿಸುತ್ತದೆ. ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಶುರುವಾಗುವ ಈ ರೂಪಕ್ಕೆ ಪ್ಯುನಿಕೋಡ್ ಎನ್ನುತ್ತಾರೆ. ಕೆಲವು ಆ್ಯಪ್‌ಗಳಲ್ಲಿ ಲಿಂಕ್ ಅಂಟಿಸಿದರೆ ಕನ್ನಡದ ಬದಲು ಈ ಸಂಕೇತವೇ ಕಾಣುತ್ತದೆ, ನೋಡಿದವರು ಮೋಸದ ಲಿಂಕ್ ಎಂದು ಹೆದರುತ್ತಾರೆ. 63ರ ಮಿತಿ ಲೆಕ್ಕವಾಗುವುದೂ ಈ ರೂಪಕ್ಕೆ, ಆದ್ದರಿಂದ ಕನ್ನಡದ ಉದ್ದ ಹೆಸರು ಬೇಗ ಮಿತಿ ಮುಟ್ಟುತ್ತದೆ. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಒಪ್ಪದ ಅರ್ಜಿ ನಮೂನೆಗಳು ಇನ್ನೂ ಬಹಳ. ಜೊತೆಗೆ ಕಣ್ಣಿಗೆ ಕಾಣದ ಒಂದು ತೊಡಕು: “ಲೂಮ್ಸ್‌ನಲ್ಲಿ” ಎಂಬಂಥ ಪದದಲ್ಲಿ ಅರ್ಧಾಕ್ಷರ ಒತ್ತಾಗದೆ ಬಿಡಿಯಾಗಿ ನಿಲ್ಲಲು ನಡುವೆ ಅದೃಶ್ಯ ಅಕ್ಷರವೊಂದನ್ನು ಹಾಕುತ್ತೇವೆ. ಅದನ್ನು ಎಲ್ಲರ ಕೀಲಿಮಣೆಯೂ ಹಾಕುವುದಿಲ್ಲ. ಅಂಥ ಜಾಗವಿಲ್ಲದ, ಒತ್ತು ಸರಳವಾದ ಪದವನ್ನೇ ಆರಿಸಿ.

ಇಂಗ್ಲಿಷ್ ಅಕ್ಷರದ ಹೆಸರು ಮುಖ್ಯದ್ದಾಗಿರಲಿ, ಕನ್ನಡದ್ದು ಅದಕ್ಕೆ ತಿರುಗಲಿ. ಬೋರ್ಡಿನ ಮೇಲೆ, ಜಾತ್ರೆಯ ಮಳಿಗೆಯಲ್ಲಿ, ಕನ್ನಡ ಪತ್ರಿಕೆಯ ಜಾಹೀರಾತಿನಲ್ಲಿ ಕನ್ನಡದ್ದನ್ನು ಹೆಮ್ಮೆಯಿಂದ ಹಾಕಿ.

ಹೆಸರಿನ ಹಿಂದಿನ ಚರಿತ್ರೆ

ಖಾಲಿಯಿರುವ ಹೆಸರೆಲ್ಲ ಹೊಸದಲ್ಲ. ಯಾರೋ ಬಳಸಿ ಬಿಟ್ಟದ್ದಿರಬಹುದು. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹೆಸರು ಹಾಕಿ, ಹಿಂದೆ ಅಲ್ಲಿ ಏನಿತ್ತೆಂದು ವರ್ಷ ವರ್ಷ ನೋಡಿ. ಜೂಜು, ಅಶ್ಲೀಲ, ನಕಲಿ ಔಷಧಿಯ ಪುಟಗಳಿದ್ದರೆ ಬೇಡ. ಅಂಥ ಹೆಸರಿನಿಂದ ನೀವು ಕಳಿಸುವ ಕೊಟೇಶನ್ ಇಮೇಲ್ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ, ಕಾರಣ ನಿಮಗೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಸ್ಪ್ಯಾಮ್‌ಹೌಸ್‌ನ ತಪಾಸಣೆ ಪುಟದಲ್ಲಿ, ಗೂಗಲ್‌ನ ಸುರಕ್ಷಿತ ಬ್ರೌಸಿಂಗ್ ಪುಟದಲ್ಲಿ ಹಾಕಿ ನೋಡಲು ಐದು ನಿಮಿಷ ಸಾಕು.

ಟ್ರೇಡ್‌ಮಾರ್ಕ್ ನೋಡುವುದು ಇನ್ನೂ ಮುಖ್ಯ. ಕೇಂದ್ರ ಸರ್ಕಾರದ ಐಪಿ ಇಂಡಿಯಾ ಸೈಟಿನಲ್ಲಿ ಸಾರ್ವಜನಿಕ ಹುಡುಕಾಟ ಉಚಿತ. ಹೆಸರಿನ ಜೊತೆ ವರ್ಗದ ಸಂಖ್ಯೆ ಹಾಕಬೇಕು: ಸೀರೆ, ಬಟ್ಟೆಗೆ 24 ಮತ್ತು 25, ಕರದಂಟು, ಕುಂದಾದಂಥ ಸಿಹಿಗೆ 30, ಒಣದ್ರಾಕ್ಷಿಗೆ 29, ಪಂಪು, ಯಂತ್ರಗಳಿಗೆ 7, ವಸತಿಗೃಹ, ಖಾನಾವಳಿಗೆ 43. ಅದೇ ಹೆಸರನ್ನಷ್ಟೇ ಅಲ್ಲ, ಹಾಗೆ ಕೇಳಿಸುವ ಹೆಸರನ್ನೂ ಹುಡುಕಿ; ಅದಕ್ಕೆ ಅಲ್ಲಿ ಧ್ವನಿಸಾಮ್ಯದ ಬೇರೆ ಆಯ್ಕೆಯಿದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥದೇ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಡಾಟ್ ಇನ್ ಹೆಸರಿನ ಜಗಳಕ್ಕೆ ಐಎನ್‌ಡಿಆರ್‌ಪಿ ಎಂಬ ಪ್ರತ್ಯೇಕ ಪಂಚಾಯಿತಿ ವ್ಯವಸ್ಥೆಯೇ ಇದೆ. ಸೋತರೆ ಹೆಸರು ಹೋಗುತ್ತದೆ, ಕಟ್ಟಿದ ಹಣ ಬರುವುದಿಲ್ಲ.

ಇಳಕಲ್ ಸೀರೆ, ಗುಳೇದಗುಡ್ಡ ಖಣ, ಇಂಡಿ ಲಿಂಬೆ ಇವು ಭೌಗೋಳಿಕ ಸೂಚಕ (ಸರಕು ಆ ಊರಿನದೇ ಎಂಬ ಕಾನೂನಿನ ಗುರುತು, ಜಿಐ) ಪಡೆದ ಹೆಸರುಗಳು. ಆ ಭಾಗದಲ್ಲಿ ನೇಯ್ದ, ಬೆಳೆದ ಸರಕನ್ನೇ ಮಾರುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡರೆ ಒಳ್ಳೆಯದು. ಬೇರೆ ಕಡೆಯ ಪವರ್‌ಲೂಮ್ ಸೀರೆಯನ್ನು ಇಳಕಲ್ ಹೆಸರಿನ ಡೊಮೇನ್‌ನಲ್ಲಿ ಮಾರುವುದು ಕಾನೂನಿಗೂ ತಪ್ಪು, ನೇಕಾರರಿಗೂ ದ್ರೋಹ.

ಇಷ್ಟಾದಮೇಲೆ ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲೂ ಅದೇ ಹೆಸರು ಸಿಗುವುದೇ ನೋಡಿ. ಎರಡರಲ್ಲೂ ಮಿತಿ 30 ಅಕ್ಷರ.

ಖರೀದಿ: ಯಾರ ಹೆಸರಿನಲ್ಲಿ?

ಹೆಸರು ಚೆನ್ನಾಗಿದ್ದೂ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಸೈಟ್ ಮಾಡುವ ಹುಡುಗ ತನ್ನ ಖಾತೆಯಲ್ಲಿ, ತನ್ನ ಹೆಸರಿನಲ್ಲಿ, ತನ್ನ ಇಮೇಲ್‌ನಲ್ಲಿ ಡೊಮೇನ್ ತೆಗೆದುಬಿಡುತ್ತಾನೆ. ಕೆಟ್ಟ ಬುದ್ಧಿಯಿಂದಲೇ ಅಂತಲ್ಲ, ಬೇಗ ಆಗಲೆಂದು. ಮೂರು ವರ್ಷದ ಮೇಲೆ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದಾಗ, ನಂಬರ್ ಬದಲಾದಾಗ, ದಾಖಲೆಯ ಪ್ರಕಾರ ಹೆಸರಿನ ಒಡೆಯ ಅವನೇ. ಆಗ ಅಂಗಡಿಯ ಹಳೆಯ ಬೋರ್ಡಿನ ಫೋಟೋ ತೋರಿಸಿದರೆ ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರಿದ ಕಂಪನಿ, ಕೇಳುವುದಿಲ್ಲ.

ಆದ್ದರಿಂದ ಖಾತೆ ನೀವೇ ತೆರೆಯಿರಿ, ಪಕ್ಕದಲ್ಲಿ ಆ ಹುಡುಗ ಕೂತಿರಲಿ. ರಿಜಿಸ್ಟ್ರೆಂಟ್ ಎಂಬ ಜಾಗದಲ್ಲಿ ಮಾಲೀಕರ ಅಥವಾ ಸಂಸ್ಥೆಯ ಹೆಸರು, ಗುರುತಿನ ಚೀಟಿಯಲ್ಲಿರುವಂತೆಯೇ. ಇಮೇಲ್ ಮಾಲೀಕರದ್ದು, ಅದೂ ಇದೇ ಡೊಮೇನ್‌ನ ಇಮೇಲ್ ಆಗಿರಬಾರದು. ಡೊಮೇನ್ ನಿಂತರೆ ಇಮೇಲೂ ನಿಲ್ಲುತ್ತದೆ, ಆಗ ಎಚ್ಚರಿಕೆಯ ಪತ್ರವೇ ತಲುಪುವುದಿಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರಲಿ. ಖರೀದಿಯಾದ ಮೇಲೆ ಇಮೇಲ್ ಖಾತರಿಪಡಿಸಲು ಒಂದು ಲಿಂಕ್ ಬರುತ್ತದೆ. ಡಾಟ್ ಕಾಮ್ ಮುಂತಾದವಕ್ಕೆ 15 ದಿನದೊಳಗೆ ಅದನ್ನು ಒತ್ತದಿದ್ದರೆ ಹೊಚ್ಚ ಹೊಸ ಸೈಟ್ ಏಕಾಏಕಿ ನಿಲ್ಲುತ್ತದೆ. ಡಾಟ್ ಇನ್‌ಗೆ ಗುರುತಿನ ದಾಖಲೆ ಕೇಳಬಹುದು, ಸಿದ್ಧವಿರಲಿ.

ಎರಡು ಅಥವಾ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ. ಗರಿಷ್ಠ 10 ವರ್ಷ. ಬುಟ್ಟಿಗೆ ತಾನಾಗಿ ಸೇರುವ ಬೇರೆ ಸೇವೆಗಳ ಗುರುತು ತೆಗೆಯಿರಿ. ಬೀಗದ ಗುರುತಿನ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಹಣ ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಉಚಿತವಾಗಿ ಕೊಡುತ್ತದೆ. ಖಾತೆಗೆ ಎರಡು ಹಂತದ ಭದ್ರತೆ ಹಾಕಿ, ಟ್ರಾನ್ಸ್‌ಫರ್ ಲಾಕ್ (ಹೆಸರನ್ನು ಬೇರೆಡೆಗೆ ಸಾಗಿಸದಂತೆ ತಡೆಯುವ ಬೀಗ) ಆನ್ ಇರಲಿ. ಹೊಸ ಹೆಸರನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲಾಗುವುದಿಲ್ಲ. ನೇಮ್ ಸರ್ವರ್, ಅಂದರೆ ಹೆಸರು ಯಾವ ಕಂಪ್ಯೂಟರಿಗೆ ಹೋಗಬೇಕೆಂದು ಹೇಳುವ ವ್ಯವಸ್ಥೆ, ಬದಲಿಸಿದ ಮೇಲೆ ಸೈಟ್ ಕೆಲವರಿಗೆ ಕಂಡು ಕೆಲವರಿಗೆ ಕಾಣದಿದ್ದರೆ ಗಾಬರಿ ಬೇಡ, 48 ಗಂಟೆ ಕಾಯಿರಿ.

ಈಗಾಗಲೇ ಬೇರೆಯವರ ಹೆಸರಿನಲ್ಲಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ. ಅವರು ಲಾಕ್ ತೆಗೆದು, ಆಥ್ ಕೋಡ್ ಎಂಬ ಗುಪ್ತ ಸಂಕೇತ ಕೊಟ್ಟರೆ ನಿಮ್ಮ ಖಾತೆಗೆ ತರಬಹುದು. ಮೇಲೊಂದು ಸಣ್ಣ ಸಂಭಾವನೆ ಕೊಟ್ಟು ಮುಗಿಸಿಕೊಂಡರೂ ನಷ್ಟವಿಲ್ಲ.

ಅವಧಿ ಮುಗಿಯುವ ದಿನ

ತಾನಾಗಿ ನವೀಕರಣವಾಗಲಿ ಎಂದು ಆಯ್ಕೆ ಒತ್ತಿ ಮರೆತುಬಿಡುವವರೇ ಹೆಚ್ಚು. ಕಾರ್ಡಿನ ಅವಧಿ ಮುಗಿದಿದ್ದರೆ, ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಬ್ಯಾಂಕಿಗೆ ಕೊಡುವ ಅನುಮತಿ) ಆಗಿಲ್ಲದಿದ್ದರೆ ಹಣ ಕಡಿತವಾಗುವುದೇ ಇಲ್ಲ. ಡಾಟ್ ಕಾಮ್ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಬಿಟ್ಟಂತೆ 45 ದಿನದವರೆಗೆ ಮಾಮೂಲಿ ದರದಲ್ಲಿ ಉಳಿಸಿಕೊಳ್ಳಬಹುದು, ಆದರೆ ಸೈಟ್ ಮತ್ತು ಇಮೇಲ್ ಅಷ್ಟರಲ್ಲೇ ನಿಂತಿರುತ್ತವೆ. ಆಮೇಲೆ 30 ದಿನ ಹೆಸರನ್ನು ಬಿಡಿಸಿಕೊಳ್ಳುವ ಅವಧಿ, ಆಗ ದಂಡ ಸಾವಿರಾರು ರೂಪಾಯಿ. ಆನಂತರ 5 ದಿನ ಯಾರೂ ಏನೂ ಮಾಡಲಾಗದು, ಆರನೆಯ ದಿನಕ್ಕೆ ಹೆಸರು ಬಯಲಿಗೆ. ಗಿರಾಕಿ ಬರುತ್ತಿದ್ದ ಹೆಸರುಗಳಿಗೆ ಅಂದೇ ಕಾದು ಕೂತ ಸಾಫ್ಟ್‌ವೇರ್‌ಗಳಿವೆ.

ಮುಗಿಯುವ ದಿನಾಂಕಕ್ಕೆ 60 ದಿನ ಮುಂಚಿನ ತಾರೀಖನ್ನು ಮೊಬೈಲಿನಲ್ಲೂ, ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಮಾಡಿ. ನಡುವೆ “ನಿಮ್ಮ ಡೊಮೇನ್ ಮುಗಿಯುತ್ತಿದೆ, ಈ ಲಿಂಕಿಗೆ ಹಣ ಕಟ್ಟಿ” ಎಂಬ ನಕಲಿ ಇಮೇಲ್, ಫೋನ್ ಬರುತ್ತವೆ. ಅಲ್ಲಿ ಕಟ್ಟಬೇಡಿ, ನಿಮ್ಮ ರಿಜಿಸ್ಟ್ರಾರ್ ಖಾತೆಗೆ ನೀವೇ ಲಾಗಿನ್ ಆಗಿ ನೋಡಿ. ಪಾಲುದಾರಿಕೆಯ ವ್ಯಾಪಾರವಾದರೆ ಡೊಮೇನ್ ಯಾರಿಗೆ ಸೇರಿದ್ದು ಎಂಬ ಒಂದು ಸಾಲು ಪಾಲುಪತ್ರದಲ್ಲಿ ಇರಲಿ. ರಿಜಿಸ್ಟ್ರಾರ್ ಹೆಸರು, ಖಾತೆಯ ಇಮೇಲ್, ಮುಗಿಯುವ ದಿನಾಂಕ ಬರೆದ ಚೀಟಿಯೊಂದನ್ನು ಅಂಗಡಿಯ ಲೈಸೆನ್ಸ್, ಜಿಎಸ್‌ಟಿ ಕಾಗದ ಇಡುವ ಫೈಲಿನಲ್ಲೇ ಇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಆ ಫೈಲ್ ಎಲ್ಲಿದೆ ಎಂದು ತೋರಿಸಿಡಿ.